ಮುಳುಗಿದ ಊರಿನ ಕಥೆ ಯಾರದು?

ಬರಹಗಾರರಿಗೆ ಕೆಲವು ವಾರಗಳ ಕಾಲ ಊಟ, ವಸತಿ, ಏಕಾಂತಗಳನ್ನು ಒದಗಿಸಿ, ಕಾಡಿನ ಅಂಚಿನಲ್ಲೋ ಕಡಲ ತೀರದಲ್ಲೋ ಕುಳಿತು ಬರೆಯಿರೆಂದು ಆಹ್ವಾನಿಸುವ ಪದ್ಧತಿ ಇಂದು ಜಗತ್ತಿನ ಅನೇಕ ಕಡೆ ಬೆಳೆದಿದೆ. ಇದನ್ನು ‘ರೆಸಿಡೆನ್ಸಿ’ ಎನ್ನುತ್ತಾರೆ. ನಮ್ಮ ರಾಜ್ಯದಲ್ಲಿಯೂ ಹೆಸರಘಟ್ಟದ ಬಳಿಯ ನೃತ್ಯಗ್ರಾಮದಲ್ಲಿ ಸಂಗಮ್ ಹೌಸ್ ಎಂಬ ಸಂಸ್ಥೆ ದೇಶವಿದೇಶಗಳ ಲೇಖಕರಿಗೆ ಇಂಥ ಆತಿಥ್ಯ ನೀಡಿದ್ದುಂಟು. ಹವಾಮಾನ ಬದಲಾವಣೆಯನ್ನು ಕುರಿತು ಕಥೆ, ಕಾದಂಬರಿ ರಚಿಸುವವರಿಗೆಂದೇ ನಿಸರ್ಗದ ನಡುವೆ ವಾಸ್ತವ್ಯ ಕಲ್ಪಿಸುವ ಪ್ರಯತ್ನಗಳೂ ಈಚೆಗೆ ಹೊರದೇಶಗಳಲ್ಲಿ ನಡೆಯುತ್ತಿವೆ. ವರ್ಷಕ್ಕೊಮ್ಮೆ ಧ್ಯಾನಕೂಟಕ್ಕೆ ತೆರಳುವ ನಮ್ಮಂಥ ಗುರುಗಳಿಗೆ ಇದರ ಉದ್ದೇಶ ಅಪರಿಚಿತವಲ್ಲ. ಮೌನವಿಲ್ಲದೆ ಮನಸ್ಸು ಆಳಕ್ಕಿಳಿಯದು. ಆದರೆ ಆ ಮೌನದ ಖರ್ಚನ್ನು ಯಾರೋ ಭರಿಸಿರುತ್ತಾರೆ. ಪರರ ಸಂಕಟವನ್ನು ಕಥೆಯಾಗಿಸಲು ಹೊರಟವನು ಯಾರಿಗೆ ಋಣಿ? ಅನ್ನವಿಕ್ಕಿದವರಿಗೋ, ಯಾರ ಬದುಕು ಕಥೆಯಾಯಿತೋ ಅವರಿಗೋ?

ಪ್ರಕೃತಿಯ ಈ ಮಹಾವಿಪತ್ತನ್ನು ಕಾದಂಬರಿಕಾರರು ಏಕೆ ಗಂಭೀರವಾಗಿ ಎತ್ತಿಕೊಂಡಿಲ್ಲವೆಂದು ಅಮಿತಾವ್ ಘೋಷ್ ಅವರು 2016ರಲ್ಲಿ ಪ್ರಕಟವಾದ ತಮ್ಮ ‘ದಿ ಗ್ರೇಟ್ ಡಿರೇಂಜ್‌ಮೆಂಟ್’ ಕೃತಿಯಲ್ಲಿ ಪ್ರಶ್ನಿಸಿದರು. ಕನ್ನಡದ ಮಟ್ಟಿಗೆ ಈ ದೂರು ಪೂರ್ಣವಾಗಿ ಸಲ್ಲದೆಂದು ನನ್ನ ಭಾವನೆ. ಅಣೆಕಟ್ಟಿನ ನೀರು ಬೇರೆ, ಕಾಯ್ದ ಭೂಮಿಯ ನೆರೆ ಬೇರೆ, ನಿಜ. ಆದರೂ ಏರುತ್ತಿರುವ ನೀರಿನ ಮುಂದೆ ಮನೆ ಬಿಡಲಾರದೆ ನಿಂತ ಮನುಷ್ಯನ ಪಾಡು ಎರಡರಲ್ಲೂ ಒಂದೇ. ಅವನನ್ನು ನಮ್ಮ ನಾ. ಡಿಸೋಜ ಅವರು ಬಹಳ ಹಿಂದೆಯೇ ಕಂಡಿದ್ದರು.

1937ರಲ್ಲಿ ಸಾಗರದ ಕ್ರೈಸ್ತ ಕುಟುಂಬವೊಂದರಲ್ಲಿ ಜನಿಸಿದ ಡಿಸೋಜ ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯಲ್ಲಿ ದುಡಿದವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಿಂತಿತು. ತೋಟ, ಗದ್ದೆ, ದೇವಸ್ಥಾನ, ಮನೆಗಳು ಹಿನ್ನೀರಿನಡಿ ಸೇರಿದವು. ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳು ಹುಟ್ಟಿದ್ದು ಈ ಅನುಭವದಿಂದ. ‘ದ್ವೀಪ’ದ ಗಣಪಯ್ಯ, ನಾಗವೇಣಿ, ದುಗ್ಗಜ್ಜ ಇವರ ಸುತ್ತ ಮಳೆಗಾಲದ ನೀರು ದಿನದಿನಕ್ಕೆ ಮೇಲೇರುತ್ತದೆ. ಗಿರೀಶ ಕಾಸರವಳ್ಳಿಯವರು ಅದನ್ನು 2002ರಲ್ಲಿ ಚಲನಚಿತ್ರವಾಗಿಸಿದಾಗ ಅದಕ್ಕೆ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ದೊರೆಯಿತು.

ಇಲ್ಲೊಂದು ಸೂಕ್ಷ್ಮವಿದೆ. ಊರುಗಳನ್ನು ಮುಳುಗಿಸಿದ ಯೋಜನೆಯ ಸಂಬಳದಿಂದಲೇ ಈ ಲೇಖಕರ ಮನೆಯ ಒಲೆ ಉರಿಯುತ್ತಿತ್ತು. ಅದರ ಅನ್ನವುಂಡು ಅದರ ಕಣ್ಣೀರನ್ನು ಬರೆಯುವುದು ಸರಿಯೇ ಎಂದು ಕೇಳುವವರಿದ್ದಾರು. ಸರಿಯೆಂದೇ ನಾನು ಹೇಳುತ್ತೇನೆ. ಅವರು ಆ ಋಣವನ್ನು ತೀರಿಸಿದ ಬಗೆಯನ್ನು ನೋಡಿರಿ. ಬರೆದು ಹೆಸರಾದ ಮೇಲೂ ಸಾಗರವನ್ನೇ ತಮ್ಮ ಊರಾಗಿ ಉಳಿಸಿಕೊಂಡರು. ಮುಳುಗಡೆಯ ಕಥೆಯನ್ನು ಮಕ್ಕಳಿಗೂ ಹೇಳಿದರು. ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪವೆದ್ದಾಗ, 2019ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ಹೋರಾಟದ ಮುಂಚೂಣಿಯಲ್ಲಿ ನಿಂತರು. 2025ರ ಜನವರಿ 5ರಂದು ಅವರು ನಮ್ಮನ್ನಗಲಿದರು. ಅತಿಥಿಯಾದವನು ಅವಧಿ ಮುಗಿದೊಡನೆ ಚೀಲ ಕಟ್ಟುತ್ತಾನೆ. ಇವರಿಗೆ ಅಂಥ ಅವಧಿಯೇ ಇರಲಿಲ್ಲ.

ಮಲೆನಾಡಿನ ಈ ಪ್ರಶ್ನೆಯನ್ನು ಕೃಷ್ಣೆಯ ಬಯಲಿಗೂ ತಂದು ನೋಡೋಣ. ಬಸವನ ಬಾಗೇವಾಡಿ ತಾಲೂಕಿನ ಹೂವಿನ ಹಿಪ್ಪರಗಿಯಲ್ಲಿ ಜಲಪಾತವಿಲ್ಲ, ಹಸಿರು ಕಣಿವೆಯಿಲ್ಲ. ಬೇಸಿಗೆಯಲ್ಲಿ ಎರೆಭೂಮಿ ಕೈ ಇಳಿಸುವಷ್ಟು ಬಿರಿಯುತ್ತದೆ. “ಡೋಣಿ ಬೆಳೆದರೆ ಓಣೆಲ್ಲ ಜೋಳ” ಎಂಬ ಗಾದೆಯ ನಾಡಿದು. ಬೆಳೆಯದಿದ್ದರೆ ಏನೆಂಬುದನ್ನು ಗಾದೆ ಹೇಳುವುದಿಲ್ಲ, ಗುಳೆ ಹೋದವರ ಮನೆಯ ಬೀಗ ಹೇಳುತ್ತದೆ. ಆಲಮಟ್ಟಿಯ ನೀರನ್ನೆತ್ತುವ ಮುಳವಾಡ ಏತ ನೀರಾವರಿ ಯೋಜನೆಯ ಶಾಖಾ ಕಾಲುವೆಯೊಂದಕ್ಕೆ ಈ ಊರಿನದೇ ಹೆಸರು. ಒಣಭೂಮಿಯ ರೈತನಿಗೆ ಆ ನೀರು ದೊಡ್ಡ ವರ. ಅದನ್ನು ಹಗುರವಾಗಿ ಕಾಣುವ ಹಕ್ಕು ನನಗಿಲ್ಲ. ಆದರೆ 519.60 ಮೀಟರ್ ಮಟ್ಟಕ್ಕೆ ನಿಂತ ಅದೇ ಜಲಾಶಯಕ್ಕಾಗಿ ಹಳೆಯ ಬಾಗಲಕೋಟೆಯ ಜನ ಬೀದಿಬೀದಿಗಳನ್ನೇ ಬಿಟ್ಟು ನವನಗರಕ್ಕೆ ನಡೆದರು. ಮಟ್ಟವನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಾಧಿಕರಣ 2010ರಲ್ಲಿ ಒಪ್ಪಿದ್ದರಿಂದ ಇನ್ನಷ್ಟು ಊರುಗಳು ಸರದಿಯಲ್ಲಿವೆ. ಅದರ ಮೇಲೆ ಆಕಾಶವೂ ಹಿಡಿತ ತಪ್ಪಿದಂತಿದೆ. 2009ರಲ್ಲಿ ಈ ಬರದ ಸೀಮೆಯೇ ಪ್ರವಾಹದಲ್ಲಿ ನಲುಗಿತು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ ಬಹುಪಾಲು ತಾಲೂಕುಗಳು ಬರಪೀಡಿತವೆಂದು ಘೋಷಿತವಾದವು.

ಹೀಗಿರುವಾಗ ಹವಾಮಾನದ ಕಥೆಗಾರನಿಗೆ ಕೋಣೆ ಕೊಡಬೇಕಾದದ್ದು ಎಲ್ಲಿ? ಪ್ರಕೃತಿ ಎಂದೊಡನೆ ಹಸಿರನ್ನೇ ನೆನೆಯುವುದು ನಮ್ಮ ಕಣ್ಣಿನ ರೂಢಿ, ಅಷ್ಟೆ. ಬಿರಿದ ಎರೆಯೂ ಪ್ರಕೃತಿಯೇ. ಆದರೆ ಮೇ ತಿಂಗಳಿನಲ್ಲಿ ಬಂದ ಅತಿಥಿಯ ಸ್ನಾನಕ್ಕೆ ನೀರು ಹೊರುವವರು ಯಾರು? ಊರಿನ ಹೆಣ್ಣುಮಕ್ಕಳಲ್ಲವೇ! ಅವರ ತಲೆಯ ಮೇಲೊಂದು ಕೊಡ ಹೆಚ್ಚಿಸಿ ಬರೆದ ಕರುಣೆಯ ಕಥೆ ಯಾರಿಗೂ ಬೇಡ. ಇಂಥ ವಾಸ್ತವ್ಯ ಏರ್ಪಡಿಸುವವರು ಲೇಖಕನ ಭತ್ಯೆಯನ್ನು ನಿಗದಿಪಡಿಸುವ ಮೊದಲು ಈ ಕೊಡದ ಲೆಕ್ಕವನ್ನು ಇತ್ಯರ್ಥಪಡಿಸಲಿ.

ಆ ನೆಲದಲ್ಲಿ ಹುಟ್ಟಿದವನೇ ಬರೆಯಬೇಕೆಂದು ನಾನು ಬೇಲಿ ಹಾಕುತ್ತಿಲ್ಲ. ಶಿವರಾಮ ಕಾರಂತರು 1933ರಲ್ಲಿ ‘ಚೋಮನ ದುಡಿ’ ಬರೆಯಲು ಚೋಮನ ಗುಡಿಸಲಿನಲ್ಲಿ ಹುಟ್ಟಬೇಕಾಗಿರಲಿಲ್ಲ. ಆದರೆ ಕಥೆ ಮುಗಿದ ಮೇಲೆ ಅದನ್ನು ನಗರದ ಸಭಾಂಗಣಕ್ಕೆ ಒಯ್ಯುವುದಕ್ಕೆ ಮುಂಚೆ ಅದೇ ಊರಿನ ಕಟ್ಟೆಯ ಮೇಲೆ ಓದುವ ಧೈರ್ಯ ಲೇಖಕನಿಗಿರಬೇಕೆಂದು ಮಾತ್ರ ಕೇಳುತ್ತೇನೆ. ಹಿಪ್ಪರಗಿಯ ಒಂದು ಸಂಜೆಯನ್ನು ಊಹಿಸಿಕೊಳ್ಳಿರಿ. 2009ರ ನೆರೆಯ ಅಧ್ಯಾಯವನ್ನು ಲೇಖಕ ಓದುತ್ತಿದ್ದಾನೆ. ಉತ್ತರೆಯ ಮಳೆ ಎಂದು ಬರೆದಿದ್ದಾನೆ. ಕಟ್ಟೆಯ ಕೊನೆಯಲ್ಲಿ ಕುಳಿತ ಆಯಿಯೊಬ್ಬಳು ತಡೆಯುತ್ತಾಳೆ: “ಅದು ಉತ್ತರಿ ಮಳಿ ಅಲ್ಲೋ ತಮ್ಮಾ, ಹಸ್ತಾ ಮಳಿ. ನಮ್ಮ ಗ್ವಾಡಿ ಬಿದ್ದದ್ದು ಆಗ.” ಅವನು ಓದುವುದನ್ನು ನಿಲ್ಲಿಸಿ, ಜೇಬಿನಿಂದ ಪೆನ್ನು ತೆಗೆದು, ಗೋಡೆ ಯಾವ ಕಡೆಗೆ ಬಿತ್ತೆಂದು ಅವಳನ್ನು ಕೇಳುತ್ತಾನೆ.