ಕೊಟ್ಟ ಕೈ ಯಾವುದು: ಮೊಬೈಲಿನಲ್ಲಿ ತರಿಸುವ ಔಷಧಿಯ ಮೀಮಾಂಸೆ

ವಿಷಯ ಇದು. ಜಮಖಂಡಿ ತಾಲ್ಲೂಕಿನ ಹುನ್ನೂರಿನಂಥ ಊರಿನಲ್ಲಿ ಬಿ.ಪಿ., ಶುಗರ್, ಥೈರಾಯ್ಡ್ ಗುಳಿಗೆಗಳು ತಿಂಗಳ ಸಂತೆಯ ಸಾಮಾನಿನಷ್ಟೇ ಖಾಯಂ ಆಗಿವೆ. ದೊಡ್ಡ ಕಾಯಿಲೆ ಬಂದರೆ ಇಲ್ಲಿಯವರು ಬಾಗಲಕೋಟೆ, ಬೆಳಗಾವಿಗೆ ಹೋಗುತ್ತಾರೆ. ಮಿರಜ, ಸಾಂಗಲಿಗೂ ಹೋಗುತ್ತಾರೆ. ಅಲ್ಲಿಯ ಡಾಕ್ಟರು ಬರೆದ ಕಂಪನಿಯ ಗುಳಿಗೆ ಇಲ್ಲಿಯ ಮೆಡಿಕಲ್ಲಿನಲ್ಲಿ ಸಿಗದಿದ್ದಾಗ ಮನೆಯ ಹುಡುಗರು ಮೊಬೈಲ್ ತೆಗೆಯುತ್ತಾರೆ. ಮೂರು ದಿನಕ್ಕೆ ಡಬ್ಬಿ ಬಾಗಿಲಿಗೆ ಬರುತ್ತದೆ.

ಸಂಶಯ ಇದು. ಹಾಗೆ ಬಂದ ಔಷಧಿಯನ್ನು ನಂಬಬಹುದೆ? ನಂಬಬಹುದಾದರೆ ಯಾವ ಪ್ರಮಾಣದಿಂದ?

ಜೋಳ ಕೊಳ್ಳುವವರು ಅಂಗೈಯಲ್ಲಿ ಹಿಡಿದು, ಒಂದು ಕಾಳು ಕಡಿದು ನೋಡುತ್ತಾರೆ. ಗುಳಿಗೆಗೆ ಆ ಪರೀಕ್ಷೆ ಇಲ್ಲ. ಐವತ್ತು ಮಿಲಿಗ್ರಾಂ ಎಂದು ಬರೆದದ್ದರಲ್ಲಿ ಐದೇ ಇದ್ದರೂ ಕಣ್ಣು, ನಾಲಿಗೆ ಎರಡೂ ಸುಳಿವು ಕೊಡುವುದಿಲ್ಲ. ಇಲ್ಲಿ ಪ್ರತ್ಯಕ್ಷ ಪ್ರಮಾಣವಾಗಲಾರದು. ಅನುಮಾನವೂ ದುರ್ಬಲ: ಡಬ್ಬಿ ಚೆಂದವಿದೆ, ಆದ್ದರಿಂದ ಮಾಲು ಅಸಲಿ ಎಂಬ ತರ್ಕವನ್ನು ಖೋಟಾ ಮಾಡುವವನು ನಮಗಿಂತ ಮೊದಲೇ ಬಲ್ಲ. ಕೆಳ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತರಲ್ಲಿ ಒಂದು ವೈದ್ಯಕೀಯ ಉತ್ಪನ್ನ ಕಳಪೆ ಅಥವಾ ನಕಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಂದಾಜು ಮಾಡಿತ್ತು. ಹಾಗಾದರೆ ಉಳಿಯುವುದು ಶಬ್ದಪ್ರಮಾಣ: ತಪ್ಪಾದರೆ ಉತ್ತರ ಕೊಡಬೇಕಾದವನ ಬರಹದ ಮಾತು. ಬಿಲ್ಲು, ಪರವಾನಗಿ ಸಂಖ್ಯೆ, ಬ್ಯಾಚ್ ನಂಬರು, ಫಾರ್ಮಸಿಸ್ಟನ ಸಹಿ, ಇವೇ ಆ ಮಾತು. ಅಂಗಡಿಯಿಂದಲೋ ಮೊಬೈಲಿನಿಂದಲೋ ಎಂಬುದು ಆಮೇಲಿನ ಪ್ರಶ್ನೆ. ಕೊಟ್ಟ ಕೈ ಯಾವುದೆಂದು ಗೊತ್ತಿರುವ ಔಷಧಿ ಗ್ರಾಹ್ಯ, ಗೊತ್ತಿಲ್ಲದ್ದು ತ್ಯಾಜ್ಯ. ನನ್ನ ಸಿದ್ಧಾಂತ ಇಷ್ಟೇ.

ಇದು ನಾನು ಹೊಸದಾಗಿ ಕಟ್ಟಿದ್ದಲ್ಲ. 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆ ಈ ಎಳೆಯ ಮೇಲೆಯೇ ನಿಂತಿದೆ. ಅದರ 18(ಸಿ) ಕಲಂ ಪ್ರಕಾರ ಪರವಾನಗಿ ಇಲ್ಲದೆ ಔಷಧಿ ಮಾರುವಂತಿಲ್ಲ. 18ಎ ಕಲಂ ಇನ್ನೂ ಆಳಕ್ಕೆ ಹೋಗುತ್ತದೆ: ಇದನ್ನು ನೀನು ಯಾರಿಂದ ಕೊಂಡೆ ಎಂದು ಇನ್ಸ್‌ಪೆಕ್ಟರ್ ಕೇಳಿದರೆ ಮಾರಿದವನು ಹೆಸರು, ವಿಳಾಸ ಹೇಳಲೇಬೇಕು. ಹೀಗೆ ಒಬ್ಬೊಬ್ಬರನ್ನೇ ಕೇಳುತ್ತ ತಯಾರಕನ ಬಾಗಿಲವರೆಗೆ ಹೋಗಬಹುದು.

ಮೊದಲನೆಯ ಪೂರ್ವಪಕ್ಷ: ‘ಆನ್‌ಲೈನ್ ಔಷಧಿ ಮಾರಾಟವೇ ಕಾನೂನುಬಾಹಿರ, ಇನ್ನು ಸುರಕ್ಷತೆಯ ಮಾತೆಲ್ಲಿ?’ ಆಕ್ಷೇಪದಲ್ಲಿ ಹುರುಳಿದೆ. ಇ-ಫಾರ್ಮಸಿಗೆಂದು ಕೇಂದ್ರ ಸರ್ಕಾರ 2018ರ ಆಗಸ್ಟ್ 28ರಂದು ಹೊರಡಿಸಿದ ನಿಯಮಗಳು ಕರಡಾಗಿಯೇ ಉಳಿದವು. ಅದೇ ವರ್ಷ ಡಿಸೆಂಬರ್ 12ರಂದು ದೆಹಲಿ ಹೈಕೋರ್ಟ್ ಪರವಾನಗಿ ಇಲ್ಲದ ಆನ್‌ಲೈನ್ ಮಾರಾಟಕ್ಕೆ ತಡೆ ಕೊಟ್ಟಿತು. 2023ರ ಫೆಬ್ರುವರಿಯಲ್ಲಿ ಔಷಧ ಮಹಾನಿಯಂತ್ರಕರು ಹಲವು ಕಂಪನಿಗಳಿಗೆ ಕಾರಣ ಕೇಳಿ ನೋಟಿಸು ಕಳಿಸಿದರು. ನಾವು ಮಧ್ಯವರ್ತಿಗಳಷ್ಟೇ ಎಂದು ಕಂಪನಿಗಳು ವಾದಿಸುತ್ತವೆ. ಔಷಧ ವ್ಯಾಪಾರಿಗಳು ಒಪ್ಪುವುದಿಲ್ಲ. ಈ ಜಗಳ ತೀರುವವರೆಗೆ ರೋಗಿ ಕಾಯಲಾರ. ಅವನಿಗೆ ಆಧಾರ ಇಷ್ಟು: ಕಾನೂನಿನ ಕಣ್ಣಿಗೆ ಆ್ಯಪ್ ಅಂಗಡಿಯಲ್ಲ, ಅದರ ಹಿಂದೆ ಇರುವ, ನಮೂನೆ 20 ಮತ್ತು 21ರ ಚಿಲ್ಲರೆ ಪರವಾನಗಿ ಹೊಂದಿದ ಮಳಿಗೆಯೇ ಅಂಗಡಿ. ಆ ಮಳಿಗೆಯ ಹೆಸರು, ಊರು, ಪರವಾನಗಿ ಸಂಖ್ಯೆಯನ್ನು ಆ್ಯಪ್ ತೋರಿಸದಿದ್ದರೆ ಅಲ್ಲಿ ಕೊಳ್ಳಬಾರದು.

ಹುನ್ನೂರಿನವರು ಇಲ್ಲಿ ಇನ್ನೊಂದನ್ನು ತಿಳಿಯಬೇಕು. ಕೋವಿಡ್ ಬಂದಾಗ, 2020ರ ಮಾರ್ಚ್ 26ರ ಅಧಿಸೂಚನೆ ಮನೆ ಬಾಗಿಲಿಗೆ ಔಷಧಿ ಕೊಡಲು ಒಪ್ಪಿತು. ಅದು ಒಪ್ಪಿದ್ದು ಪರವಾನಗಿ ಇರುವ ಅಂಗಡಿ ತನ್ನದೇ ಕಂದಾಯ ಜಿಲ್ಲೆಯೊಳಗಿನ ರೋಗಿಗೆ ಕೊಡುವುದನ್ನು, ಅದೂ ಡಾಕ್ಟರ ಚೀಟಿ ನೋಡಿ. ಚೀಟಿಯನ್ನು ಇ-ಮೇಲ್‌ನಲ್ಲಿ ಕಳಿಸಬಹುದಿತ್ತು. ಅಂದರೆ ಜಮಖಂಡಿಯ ಅಂಗಡಿ ಹುನ್ನೂರಿಗೆ ತಲುಪಿಸುವ ದಾರಿಯನ್ನು ಸರ್ಕಾರವೇ ಯೋಚಿಸಿತ್ತು. ದೂರದ ಗೋದಾಮಿಗಿಂತ ಇದು ಉತ್ತಮ ಎಂಬುದು ನನ್ನ ಖಚಿತ ಅಭಿಪ್ರಾಯ. ಚೀಟಿಯ ಫೋಟೊ ಕಳಿಸಿ, ‘ಈ ಕಂಪನಿಯದು ತರಿಸಿಕೊಡ್ರಿ’ ಎಂದರೆ ಎರಡು ದಿನದಲ್ಲಿ ತರಿಸಿಕೊಡುವ ಮೆಡಿಕಲ್ಲುಗಳು ತಾಲ್ಲೂಕು ಊರುಗಳಲ್ಲಿ ಇವೆ.

ಎರಡನೆಯದು: ‘ಮೊಬೈಲ್‌ನ್ಯಾಗ ಅಗ್ಗ ಸಿಗತೈತಿ, ಮೆಡಿಕಲ್‌ದಾಗ ಪೂರಾ ರೇಟ್ ತಗೋತಾರ.’ ಅಗ್ಗವಾದದ್ದೆಲ್ಲ ಖೋಟಾ ಅಲ್ಲ. ಎಂ.ಆರ್.ಪಿ. ಎಂಬುದು ಗರಿಷ್ಠ ಬೆಲೆ, ಅದರ ಕೆಳಗೆ ಯಾವ ಅಂಗಡಿಯಾದರೂ ಮಾರಬಹುದು. ಅಗತ್ಯ ಔಷಧಿಗಳಿಗೆ 2013ರ ಬೆಲೆ ನಿಯಂತ್ರಣ ಆದೇಶದಡಿ ಸರ್ಕಾರವೇ ಮೇಲ್ಮಿತಿ ಹಾಕುತ್ತದೆ. ಜನೌಷಧಿ ಕೇಂದ್ರದಲ್ಲಿ ಅದೇ ಮೂಲದ್ರವ್ಯ ಇನ್ನೂ ಕಡಿಮೆಗೆ ಸಿಗುತ್ತದೆ. ಆದರೆ ಅಗ್ಗದ ಹೆಸರಿನಲ್ಲಿ ಆ್ಯಪ್ ‘ಇದರ ಬದಲು ಇದು’ ಎಂದು ತೋರಿಸಿದಾಗ ಬೆರಳು ನಿಲ್ಲಬೇಕು. ಚೀಟಿ ಇದ್ದರೆ ಮಾತ್ರ ಮಾರಬಹುದಾದ ಎಚ್ ಪಟ್ಟಿಯ ಔಷಧಿಯನ್ನು ಚೀಟಿಯಲ್ಲಿ ಬರೆದಂತೆಯೇ ಕೊಡಬೇಕು, ಬದಲಿಸಿ ಕೊಡುವಂತಿಲ್ಲ ಎಂದು 1945ರ ಔಷಧ ನಿಯಮಗಳ 65ನೆಯ ನಿಯಮ ಹೇಳುತ್ತದೆ. ಥೈರಾಯ್ಡ್, ಮೂರ್ಛೆ, ರಕ್ತ ತೆಳುವಾಗಿಸುವ ಗುಳಿಗೆಗಳಲ್ಲಿ ಅಳತೆಯ ಸಣ್ಣ ವ್ಯತ್ಯಾಸವೂ ಮೈಗೆ ತಿಳಿಯುತ್ತದೆ. ಕಂಪನಿ ಬದಲಿಸುವ ಮಾತನ್ನು ಡಾಕ್ಟರ ಹತ್ತಿರ ಆಡಬೇಕು. ಮಿರಜಿನಲ್ಲಿ ಬರೆಸುವಾಗಲೇ ಮೂಲದ್ರವ್ಯದ ಹೆಸರನ್ನೂ ಬರೆಯಲು ಕೇಳಿಕೊಂಡರೆ ಊರಿಗೆ ಬಂದ ಮೇಲಿನ ಅರ್ಧ ತೊಂದರೆ ತಪ್ಪುತ್ತದೆ.

ಮೂರನೆಯವರು ಹೇಳುತ್ತಾರೆ: ‘ಡಬ್ಬಿಯ ಮೇಲೆ ಕ್ಯೂಆರ್ ಕೋಡ್ ಇದೆ, ಸ್ಕ್ಯಾನ್ ಮಾಡಿದರೆ ಮುಗಿಯಿತಲ್ಲ.’ 2023ರ ಆಗಸ್ಟ್ 1ರಿಂದ ಇದು ಕಡ್ಡಾಯವಾದದ್ದು ಎಚ್2 ಪಟ್ಟಿಯ 300 ಬ್ರ್ಯಾಂಡುಗಳಿಗೆ ಮಾತ್ರ. ಒಳ್ಳೆಯ ಕ್ರಮ, ಸ್ಕ್ಯಾನ್ ಮಾಡಿ. ಬ್ಯಾಚು, ದಿನಾಂಕ ಬಿಲ್ಲಿಗೆ ತಾಳೆಯಾಗುತ್ತವೆಯೆ ನೋಡಿ. ಆದರೆ ಕೋಡನ್ನೂ ನಕಲು ಮಾಡಬಹುದು. ಅಸಲಿ ಮಾಲಿನ ಕೋಡು ಕೂಡ ತಯಾರಕ ಯಾರೆಂದು ಹೇಳೀತೇ ಹೊರತು, ಡಬ್ಬಿ ನಡುವೆ ಯಾವ ಬಿಸಿಲಲ್ಲಿ ಬಿದ್ದಿತ್ತೆಂದು ಹೇಳದು. ಈ ಬಿಸಿಲಿನ ಮಾತು ನಮ್ಮ ಸೀಮೆಗೆ ಬಹಳ ದೊಡ್ಡದು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು; ಹೆಪ್ಪುಗಟ್ಟಿದರೂ ಕೆಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಪಾರಾ 40 ದಾಟುತ್ತದೆ. ಕೊರಿಯರ್ ಗಾಡಿಯಲ್ಲಿ, ಕಚೇರಿಯ ಪತ್ರಾಸಿನ ಕೆಳಗೆ ಒಂದು ಮಧ್ಯಾಹ್ನ ಕಳೆದ ಇನ್ಸುಲಿನ್ ನೋಡಲು ತಿಳಿಯಾಗಿಯೇ ಇದ್ದೀತು, ಕೆಲಸ ಮಾಡಲಿಕ್ಕಿಲ್ಲ. ಇನ್ಸುಲಿನ್ ಬೇಕಾದವರು ಫ್ರಿಜ್ ಇರುವ ಹತ್ತಿರದ ಅಂಗಡಿಯಿಂದ ತರುವುದೇ ಸರಿ. ಈ ಒಂದು ವಿಷಯದಲ್ಲಿ ನಾನು ವಿನಾಯಿತಿ ಕೊಡಲಾರೆ.

ನಾಲ್ಕನೆಯದು ಎಲ್ಲಕ್ಕಿಂತ ಗಟ್ಟಿ ಆಕ್ಷೇಪ: ‘ಪರವಾನಗಿ ಇದ್ದ ದಾರಿಯಲ್ಲೇ ಸಾವು ಬಂದಿಲ್ಲವೆ?’ ಬಂದಿದೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡಾಗ ಸರ್ಕಾರಿ ಪೂರೈಕೆಯ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ದ್ರಾವಣದ ಮೇಲೆಯೇ ಸಂದೇಹ ಬಿತ್ತು. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾದಲ್ಲಿ ಮಕ್ಕಳನ್ನು ಕೊಂದ ಕೆಮ್ಮಿನ ಸಿರಪ್ಪು ಡಾಕ್ಟರು ಬರೆದದ್ದೇ. ಪರವಾನಗಿ ಪಾಪವನ್ನು ತಡೆಯುತ್ತದೆಂದು ನಾನು ವಾದಿಸುತ್ತಿಲ್ಲ, ಜಾಡು ಉಳಿಸುತ್ತದೆ ಎನ್ನುತ್ತೇನೆ. ಆ ಸಿರಪ್ಪಿನಲ್ಲಿ ಎಸ್‌ಆರ್-13 ಎಂಬ ಬ್ಯಾಚ್ ಸಂಖ್ಯೆ ಇತ್ತು. ಅದರ ಜಾಡು ಹಿಡಿದು ಅಧಿಕಾರಿಗಳು ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯ ಕಾರ್ಖಾನೆ ಮುಟ್ಟಿದರು. ಪರೀಕ್ಷೆಯಲ್ಲಿ ಶೇ 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ವಿಷ ಸಿಕ್ಕಿತು. ಬೇರೆ ರಾಜ್ಯಗಳೂ ಮಾರಾಟ ನಿಲ್ಲಿಸಿದವು. ಹೋದ ಮಕ್ಕಳು ಬರಲಿಲ್ಲ, ಆದರೆ ಇನ್ನೆಷ್ಟೋ ಮಕ್ಕಳ ಬಾಯಿಗೆ ಆ ಚಮಚೆ ಹೋಗದಂತಾಯಿತು. ವಾಟ್ಸ್‌ಆ್ಯಪ್ ಜಾಹೀರಾತು ನೋಡಿ ತರಿಸಿದ ಮೊಣಕಾಲು ನೋವಿನ ಪುಡಿಗೆ ಬ್ಯಾಚೂ ಇಲ್ಲ, ಬಿಲ್ಲೂ ಇಲ್ಲ. ಅದರಿಂದ ಕಿಡ್ನಿ ಕೆಟ್ಟರೆ ಜಾಡು ಹಿಡಿಯುವುದು ಎಲ್ಲಿಂದ? ಸಕ್ಕರೆ ಕಾಯಿಲೆಯನ್ನು ಬುಡಸಮೇತ ಕೀಳುತ್ತೇವೆ ಎಂಬ ಜಾಹೀರಾತನ್ನು 1954ರ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯೇ ನಿಷೇಧಿಸಿದೆ. ಅಂಥ ಜಾಹೀರಾತು ಕೊಡುವವನು ಮೊದಲ ಮಾತಿನಲ್ಲೇ ಕಾನೂನು ಮುರಿದಿರುತ್ತಾನೆ.

‘ಚೀಟಿ ಕೇಳದೆ ಕೊಡುವವರು ಎಷ್ಟು ಅನುಕೂಲ’ ಎನ್ನುವವರಿಗೆ ಉತ್ತರ ಚಿಕ್ಕದು. ನಿದ್ದೆಗೆ ಕೊಡುವ ಆಲ್ಪ್ರಜೋಲಾಂ, ಹಲವು ಆಂಟಿಬಯಾಟಿಕ್ಕುಗಳು ಎಚ್1 ಪಟ್ಟಿಯಲ್ಲಿವೆ. ಬರೆದ ಡಾಕ್ಟರ, ಕೊಂಡ ರೋಗಿಯ ಹೆಸರನ್ನು ಅಂಗಡಿಯವರು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಆ ಔಷಧಿಗಳನ್ನು ಚೀಟಿ ನೋಡದೆ, ಕೇಳಿದ ಕೂಡಲೇ ಕೊಟ್ಟವನು ತಾನು ಎಂಥವನೆಂದು ತಾನೇ ಸಾರಿದಂತೆ.

ಕೊನೆಯದು: ‘ಇಷ್ಟೆಲ್ಲ ನೋಡುವುದು ಓದು ಬಾರದ ಅಜ್ಜಿಯಿಂದ ಆದೀತೆ?’ ಆಗದು, ಆಗಬೇಕಾಗಿಯೂ ಇಲ್ಲ. ಹೊಣೆ ಮೊಬೈಲಿನಲ್ಲಿ ಆರ್ಡರ್ ಹಾಕಿದ ಮೊಮ್ಮಗನದು. ಗುಳಿಗೆ ಬಿಡಿಸುವ ಮೊದಲು ಅವನು ಚೀಟಿ, ಬಿಲ್ಲು, ಸ್ಟ್ರಿಪ್ಪು ಮೂರನ್ನೂ ಸಾಲಾಗಿ ಇಟ್ಟು ಹೆಸರು, ಮಿಲಿಗ್ರಾಂ, ಬ್ಯಾಚು, ಅವಧಿ ತಾಳೆ ನೋಡಲಿ. ಫೋಟೊ ತೆಗೆದಿಡಲಿ. ಗುಳಿಗೆ ಕತ್ತರಿಸಿಕೊಳ್ಳುವಾಗ ಬ್ಯಾಚ್ ನಂಬರು ಇರುವ ತುದಿಯನ್ನು ಕೊನೆಗೆ ಉಳಿಸಲಿ. ಬದಲಿ ಗುಳಿಗೆ ಬಂದಿದ್ದರೆ ಒಂದನ್ನೂ ನುಂಗಿಸದೆ ತಿರುಗಿ ಕಳಿಸಲಿ. ನುಂಗಿದ ಮೇಲೆ ಮೈಗೆ ಆಗದಿದ್ದರೆ ಡಾಕ್ಟರಿಗೆ ತೋರಿಸಿ, ಔಷಧ ದುಷ್ಪರಿಣಾಮದ ರಾಷ್ಟ್ರೀಯ ಸಹಾಯವಾಣಿ 1800-180-3024ಕ್ಕೆ ಹೇಳಲಿ. ಸಂಶಯ ಗಟ್ಟಿಯಾದರೆ ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ದೂರು ಕೊಡಬಹುದು. ಅದೇ 1940ರ ಕಾಯ್ದೆಯ 26ನೆಯ ಕಲಂ, ನಿಗದಿತ ಶುಲ್ಕ ಕಟ್ಟಿ, ಕೊಂಡ ಔಷಧಿಯನ್ನು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ಸಹಿ ಮಾಡಿದ ವರದಿ ಪಡೆಯುವ ಹಕ್ಕನ್ನು ಪ್ರತಿಯೊಬ್ಬ ಗ್ರಾಹಕನಿಗೂ ಕೊಟ್ಟಿದೆ.