ಹೇಳಿದ್ದೆನಲ್ಲ!

"ನಾನು ಹೇಳಿದ್ದೆನಲ್ಲ!" ನಮ್ಮ ಮನೆಗಳಲ್ಲಿ ಈ ಮಾತು ದಿನಕ್ಕೆ ಎಷ್ಟು ಸಲ ಕೇಳಿಬರುತ್ತದೋ! ಹೇಳಿಬಿಟ್ಟರೆ ಹೊಣೆ ತೀರಿತೆಂದು ನಾನೂ ನಂಬಿದ್ದೆ. ಆ ನಂಬಿಕೆಯನ್ನು ಅಲುಗಿಸಿದ್ದು, ನಗಬೇಡಿ, ಒಂದು ಕೀಬೋರ್ಡು.

ಮಗಳು ಬೆಂಗಳೂರಿಗೆ ಹೋಗುವಾಗ ತನ್ನ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಸ್ವರ ಬರೆದು ನುಡಿಸುವ ಮುಕ್ತ ತಂತ್ರಾಂಶವೊಂದನ್ನೂ ಇಟ್ಟು ಹೋಗಿದ್ದಳು. ಪಕ್ಕದಲ್ಲಿ ಅವಳ ಕೀಬೋರ್ಡು. ಒಂದು ಮಧ್ಯಾಹ್ನ ನಾಲ್ಕು ಸಾಲು ಬರೆದು ನುಡಿಸಲು ಒತ್ತಿದೆ. ತೆರೆಯ ಮೇಲೆ ಗೆರೆ ಸ್ವರದಿಂದ ಸ್ವರಕ್ಕೆ ಓಡಿತು. ಕೀಬೋರ್ಡು ಮಾತ್ರ ಮೌನಗೌರಿ.

ಮಗಳು ಫೋನಿನಲ್ಲಿ ವಿವರಿಸಿದಳು. ಇದು 1983ರಲ್ಲಿ ಬಂದ ಮಿಡಿ ಎಂಬ ಪದ್ಧತಿ. ತಂತಿಯಲ್ಲಿ ಹೋಗುವುದು ನಾದವಲ್ಲ, ಬರೀ ಅಪ್ಪಣೆ: 60ನೆಯ ಸ್ವರವನ್ನು ಇಷ್ಟು ಜೋರಾಗಿ ನುಡಿಸು, ಆಮೇಲೆ, ನಿಲ್ಲಿಸು. ಮುಟ್ಟಿತೋ ಇಲ್ಲವೋ ಎಂದು ಕಳಿಸಿದವರಿಗೆ ಮರುತ್ತರ ಬರುವುದಿಲ್ಲ.

"ಮೊದಲು ಹೊರಡುತ್ತಿದೆಯಾ ನೋಡಮ್ಮ" ಎಂದು ಎ-ಸೆಕ್-ಡಂಪ್ ಎಂಬ ಆಜ್ಞೆ ಕೊಡಿಸಿದಳು. ಅಂಕಿಗಳು ಸಾಲುಸಾಲಾಗಿ ಉದುರಿದವು. ಹೊರಡುತ್ತಿತ್ತು! ಆಮೇಲೆ ಎ-ಕನೆಕ್ಟ್. ಪಟ್ಟಿಯಲ್ಲಿ ತಂತ್ರಾಂಶದ ಬಾಗಿಲೂ ಇತ್ತು, ಕೀಬೋರ್ಡಿನ ಬಾಗಿಲೂ ಇತ್ತು, ನಡುವೆ ದಾರಿಯಿರಲಿಲ್ಲ. ದಾರಿಯಿಲ್ಲವೆಂದು ಯಂತ್ರ ಗದರುವುದೂ ಇಲ್ಲ. ಅಪ್ಪಣೆಗಳು ಸದ್ದಿಲ್ಲದೆ ಬಿದ್ದುಹೋಗುತ್ತವೆ. ಜೋಡಿಸಿದೆ. ಆಗಲೂ ಮೌನ! 16 ಚಾನೆಲ್ಲುಗಳಲ್ಲಿ ನಾನು ಎರಡನೆಯದರಲ್ಲಿ ಕಳಿಸುತ್ತಿದ್ದೆ, ಕೀಬೋರ್ಡು ಒಂದನೆಯದಕ್ಕಷ್ಟೇ ಕಿವಿಗೊಟ್ಟಿತ್ತು. ನನ್ನದನ್ನು ಬದಲಿಸಿದೆ. ಮನೆ ತುಂಬ ಸ್ವರ.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಅಕ್ಕ ನೆನಪಾದಳು. ಭಾವ ತೀರಿಕೊಂಡ ಮೇಲೆ ವಾರಕ್ಕೊಮ್ಮೆ ಫೋನು ಮಾಡಿ, "ಏನಾದರೂ ಬೇಕಿದ್ದರೆ ಸಂಕೋಚ ಪಡಬೇಡ ಅಕ್ಕ" ಎನ್ನುತ್ತಿದ್ದೆ. ಅವಳು "ಆಯ್ತು ಕಣೆ" ಎನ್ನುತ್ತಿದ್ದಳು. ವರ್ಷದ ಮೇಲೆ ತಿಳಿಯಿತು, ಮಗನ ಕಾಲೇಜಿನ ಫೀಸಿಗೆ ಬಳೆ ಅಡವಿಟ್ಟಿದ್ದಳಂತೆ. ನನಗೆ ಸಿಟ್ಟೇ ಬಂತು. "ನಾನು ಕೇಳಿರಲಿಲ್ಲವೇ?" ಎಂದೆ. "ಕೇಳಿದ್ದೆ ಕಣೆ. ಬಂದಿರಲಿಲ್ಲ" ಎಂದಳು.

ಆಗ ಆ ಮಾತು ಕೊಂಕೆನಿಸಿತ್ತು. ಈಗ ಅನಿಸುತ್ತದೆ, ನಾನು ಕಳಿಸುತ್ತಿದ್ದದ್ದು ನಿಜ. ಹೊರಟ ಲೆಕ್ಕವೂ ನನ್ನಲ್ಲಿತ್ತು. ಮುಟ್ಟಿತೇ ಎಂದು ಒಮ್ಮೆಯೂ ನೋಡಿರಲಿಲ್ಲ.

ಕೇಳುವವರೂ ಕಿವಿ ತೆರೆದಿರಬೇಡವೇ ಎಂದು ನೀವು ಕೇಳಬಹುದು. ಬೇಕು. ಅಕ್ಕನ ಸ್ವಾಭಿಮಾನವೂ ಸಾಮಾನ್ಯದ್ದಲ್ಲ. ಆದರೆ ಕಷ್ಟದಲ್ಲಿರುವವರೇ ತಮ್ಮ ಚಾನೆಲ್ಲು ಬದಲಿಸಿಕೊಳ್ಳಲಿ ಎನ್ನುವುದು ಯಾವ ನ್ಯಾಯ? ಹಾಗೆಂದು ಎಲ್ಲರ ಬಾಗಿಲಿಗೂ ಹೋಗಲಾದೀತೇ? ಆಗದು. ಹೋಗಲಾಗದಿದ್ದಲ್ಲಿ "ಹೇಳಿದ್ದೆನಲ್ಲ" ಎಂದು ಎದೆ ಸೆಟೆಸುವುದನ್ನಾದರೂ ಬಿಡಬಹುದು.

ಈಗ ಗುರುವಾರ ಗುರುವಾರ ಅಕ್ಕನ ಮನೆಗೆ ಹೋಗುತ್ತೇನೆ. ಏನು ಬೇಕೆಂದು ಕೇಳುವುದಿಲ್ಲ. ಅಡುಗೆಮನೆಗೆ ನುಗ್ಗಿ ಡಬ್ಬಿಗಳ ಮುಚ್ಚಳ ತೆಗೆದು ನೋಡುತ್ತೇನೆ. ಅವಳು ಗದರುತ್ತಾಳೆ. ಗದರಲಿ, ನನಗೆ ಕೇಳಿಸುತ್ತಿದೆ.