ಕಾರಣವೂ ಅಪರಾಧವೂ

ಕಾರಣವಿಲ್ಲದೆ ಕಾರ್ಯವಿಲ್ಲವೆಂಬುದು ತರ್ಕಶಾಸ್ತ್ರದ ಮೊದಲ ಪಾಠ. ಆದರೆ ಮನೆಯಲ್ಲಿ ಯಾರಿಗಾದರೂ ದೀರ್ಘವ್ಯಾಧಿ ತಗುಲಿದಾಗ ಮನಸ್ಸು ಅರಸುವುದು ಕಾರಣವನ್ನಲ್ಲ, ಅಪರಾಧವನ್ನು. ಏನು ತಿಂದಳು, ಯಾವ ವ್ರತವನ್ನು ಬಿಟ್ಟಳು, ಯಾರ ಶಾಪ ತಟ್ಟಿತು ಎಂಬ ಪ್ರಶ್ನೆಗಳು ಏಳುತ್ತವೆ. ವಿದ್ಯಾವಂತರ ಮನೆಯಾದರೆ ಶಾಪದ ಸ್ಥಾನದಲ್ಲಿ ಕ್ರಿಮಿಯನ್ನು ಕೂರಿಸಿ ಅದೇ ಪ್ರಶ್ನೆಯನ್ನು ಕೇಳುವರು. ಕಾರಣ ಬೇರೆ, ಅಪರಾಧ ಬೇರೆ ಎಂಬ ವಿವೇಕವು ಎಷ್ಟು ಕಷ್ಟಸಾಧ್ಯವೆಂಬುದಕ್ಕೆ ಯಕೃತ್ತಿನ ಒಂದು ವ್ಯಾಧಿಯ ಚರಿತ್ರೆಯು ತಕ್ಕ ನಿದರ್ಶನವಾಗಿದೆ.

ಯಕೃತ್ತಿನೊಳಗೆ ಬರಿಯ ಕಣ್ಣಿಗೆ ಕಾಣದಷ್ಟು ಸಣ್ಣವಾದ ಪಿತ್ತನಾಳಗಳುಂಟು. ಈ ವ್ಯಾಧಿಯಲ್ಲಿ ಶರೀರದ ರಕ್ಷಣಶಕ್ತಿಯೇ ಆ ನಾಳಗಳ ಒಳಪದರವನ್ನು ಮೆಲ್ಲಮೆಲ್ಲನೆ ನಾಶಮಾಡುತ್ತದೆ. ಪಿತ್ತವು ಹರಿಯಲಾರದೆ ನಿಲ್ಲುವುದು. ಮೈಯೆಲ್ಲ ನವೆ, ಕೈಕಾಲು ಆಡಿಸಲಾಗದಷ್ಟು ಆಯಾಸ, ಕಾಲಕ್ರಮದಲ್ಲಿ ಕಾಮಾಲೆ, ಕಡೆಗೆ ಕೆಲವರಲ್ಲಿ ಯಕೃತ್ತು ಗಂಟುಗಂಟಾಗಿ ಗಡುಸಾಗುವುದು. ರೋಗಿಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಸ್ತ್ರೀಯರು, ಬಹುಮಟ್ಟಿಗೆ ನಡುವಯಸ್ಸಿನವರು. 1950ರ ಸುಮಾರಿನಿಂದ ಇದಕ್ಕೆ ‘ಪ್ರೈಮರಿ ಬಿಲಿಯರಿ ಸಿರೋಸಿಸ್’ ಎಂಬ ಹೆಸರು ರೂಢಿಯಾಯಿತು. ‘ಸಿರೋಸಿಸ್’ ಎಂಬ ಮಾತನ್ನು ಜನರು ಮದ್ಯಪಾನದೊಡನೆ ಸೇರಿಸಿಯೇ ಕೇಳಿದ್ದರು. ಹೀಗಾಗಿ ಜನ್ಮದಲ್ಲಿ ಒಂದು ತೊಟ್ಟು ಮದ್ಯವನ್ನು ಮುಟ್ಟದ ಗೃಹಿಣಿಯೂ ನೆರೆಹೊರೆಯವರ ಸಂದೇಹದ ನೋಟಕ್ಕೆ ಗುರಿಯಾಗಬೇಕಾಯಿತು. ವ್ಯಾಧಿಯ ಭಾರ ಸಾಲದೆಂಬಂತೆ ಅದರ ಹೆಸರಿನ ಭಾರವೂ ಅವಳ ಪಾಲಿಗೆ ಬಂದಿತು.

ಶರೀರವು ತನ್ನನ್ನೇ ಏಕೆ ಹೊಡೆಯಬೇಕು? ಜರ್ಮನಿಯ ಪಂಡಿತ ಪಾಲ್ ಎರ್ಲಿಕ್‌ನು, ಜೀವಿಯು ತನಗೆ ತಾನೇ ವಿಷವಾಗುವುದಕ್ಕೆ ಅಂಜುತ್ತದೆಂದೂ ಅದನ್ನು ತಡೆಯುವ ಏರ್ಪಾಡು ಒಳಗೇ ಇರಬೇಕೆಂದೂ 1901ರಲ್ಲಿ ವಾದಿಸಿದನು. ಆ ತಡೆ ಮುರಿಯಬಲ್ಲುದೆಂಬುದು ಮುಂದೆ ತಿಳಿಯಿತು. 1965ರಲ್ಲಿ ಲಂಡನ್ನಿನ ಡೆಬೊರಾ ಡೋನಿಯಾಕ್, ಶೀಲಾ ಶರ್ಲಾಕ್ ಮೊದಲಾದವರು ಈ ರೋಗಿಗಳ ರಕ್ತದಲ್ಲಿ ಒಂದು ವಿಶಿಷ್ಟವಾದ ಪ್ರತಿಕಾಯವನ್ನು ಕಂಡರು. ಜೀವಕೋಶದೊಳಗೆ ಆಹಾರವನ್ನು ಶಕ್ತಿಯನ್ನಾಗಿ ಮಾರ್ಪಡಿಸುವ ಮೈಟೊಕಾಂಡ್ರಿಯಗಳೆಂಬ ಕಣಗಳುಂಟು. ಅವನ್ನು ಕೋಶದ ಒಲೆಗಳೆನ್ನಬಹುದು. ಆ ಪ್ರತಿಕಾಯವು ಹೋಗಿ ಹಿಡಿಯುತ್ತಿದ್ದುದು ಅವುಗಳನ್ನೇ. ಅದರ ಮುಖ್ಯ ಗುರಿ ಪೈರುವೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವಸಮೂಹದ ಒಂದು ಭಾಗವೆಂಬುದು 1980ರ ದಶಕದ ಕೊನೆಗೆ ಗೊತ್ತಾಯಿತು.

ಅದೇ ಕಿಣ್ವವು ‘ಎಷೆರಿಕಿಯಾ ಕೋಲೈ’ ಎಂಬ ಸೂಕ್ಷ್ಮಜೀವಿಯಲ್ಲಿಯೂ ಇದೆ. ಸ್ತ್ರೀಯರಲ್ಲಿ ಮೂತ್ರನಾಳದ ಸೋಂಕನ್ನು ಉಂಟುಮಾಡುವ ಕ್ರಿಮಿಗಳಲ್ಲಿ ಇದೇ ಮೊದಲನೆಯದು. ಎರಡು ಕಿಣ್ವಗಳೂ ಕೆಲವೆಡೆ ಬಹಳ ಹೋಲುವುದರಿಂದ, ರೋಗಿಯ ಪ್ರತಿಕಾಯವು ಕ್ರಿಮಿಯದನ್ನೂ ಹಿಡಿಯುತ್ತದೆ. ಆದುದರಿಂದ, ಕ್ರಿಮಿಯನ್ನು ಎದುರಿಸಲು ಹುಟ್ಟಿದ ಸೇನೆಯು ಆಮೇಲೆ ತನ್ನವರ ಮೇಲೆ ತಿರುಗಿತೆಂದು ಅನೇಕರು ಊಹಿಸಿದರು. ಹಗ್ಗವನ್ನು ಹಾವೆಂದು ಭ್ರಮಿಸುವುದು ವೇದಾಂತದ ಹಳೆಯ ದೃಷ್ಟಾಂತ. ಇಲ್ಲಿ ನಿಜವಾದ ಹಾವನ್ನು ಒಮ್ಮೆ ಕಂಡ ಕಾವಲುಗಾರನು ಮನೆಯ ಹಗ್ಗಗಳನ್ನೆಲ್ಲ ಬಡಿಯಲಾರಂಭಿಸುತ್ತಾನೆ.

ಊಹೆ ಸೊಗಸಾಗಿದೆ. ಆದರೆ ಸೊಗಸು ಪ್ರಮಾಣವಲ್ಲ. ಕಾರಣವನ್ನು ನಿಶ್ಚಯಿಸಲು ನೈಯಾಯಿಕರು ಅನ್ವಯ, ವ್ಯತಿರೇಕ ಎರಡನ್ನೂ ಕೇಳುತ್ತಾರೆ: ಅದಿದ್ದಲ್ಲಿ ಇದಿರಬೇಕು, ಅದಿಲ್ಲದಲ್ಲಿ ಇದೂ ಇರಬಾರದು. ಅಮೆರಿಕೆಯಲ್ಲಿ 1032 ರೋಗಿಗಳನ್ನು ವಿಚಾರಿಸಿ 2005ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಹಿಂದೆ ಮೂತ್ರನಾಳದ ಸೋಂಕಿಗೆ ಒಳಗಾಗಿದ್ದವರು ಆರೋಗ್ಯವಂತರಿಗಿಂತ ರೋಗಿಗಳಲ್ಲಿಯೇ ಹೆಚ್ಚಾಗಿ ಕಂಡುಬಂದರು. ಅನ್ವಯದ ಸುಳಿವು ಅಲ್ಲಿಗೆ ದೊರೆಯಿತು. ಆದರೆ ಲೋಕದಲ್ಲಿ ಆ ಸೋಂಕನ್ನು ಅನುಭವಿಸಿದ ಸ್ತ್ರೀಯರು ಅಸಂಖ್ಯಾತರು. ಅವರಲ್ಲಿ ಈ ವ್ಯಾಧಿಗೆ ಗುರಿಯಾಗುವವರು ಅತ್ಯಲ್ಪ. ಸೋಂಕನ್ನೇ ಅರಿಯದ ರೋಗಿಗಳೂ ಇದ್ದಾರೆ. ವ್ಯತಿರೇಕವು ನಿಲ್ಲದು. ವಂಶದ ಪ್ರವೃತ್ತಿ, ಇನ್ನೂ ಹಲವು ಸಂದರ್ಭಗಳು ಕೂಡಿಬಂದಲ್ಲಿ ಕ್ರಿಮಿಯು ಒಂದು ನಿಮಿತ್ತವಾದೀತೆಂದು ಹೇಳಬಹುದೇ ಹೊರತು ಅದಕ್ಕಿಂತ ಹೆಚ್ಚಿನದನ್ನು ಹೇಳುವಂತಿಲ್ಲ.

ಅದೇ ಪರಿಶೀಲನೆಯಲ್ಲಿ ಸಿಗರೇಟಿನ ಹೆಸರೂ, ಸ್ವಲ್ಪಮಟ್ಟಿಗೆ ಉಗುರಿಗೆ ಹಚ್ಚುವ ಬಣ್ಣದ ಹೆಸರೂ ಬಂದಿವೆ. ಮನೆಯ ಹಿರಿಯರ ಕೈಗೆ ಈ ಪಟ್ಟಿ ಸಿಕ್ಕಿದರೆ ಆಗುವುದೇನೆಂಬುದನ್ನು ವಿವರಿಸಬೇಕಾಗಿಲ್ಲ; ಬಣ್ಣ ಹಚ್ಚಿಕೊಂಡವಳಿಗೆ ಹೀಗಾಗದೆ ಇನ್ನೇನು ಎಂಬ ತೀರ್ಪು ಊಟಕ್ಕೆ ಮುಂಚೆಯೇ ಹೊರಬೀಳುವುದು! ಹಾಗಾದರೆ ಯಾವ ಆಚರಣೆಯನ್ನೂ ಆಕ್ಷೇಪಿಸಬಾರದೆ ಎಂದು ಕೇಳಬಹುದು. ಆಕ್ಷೇಪಿಸಬಹುದು. ಹೊಗೆಯನ್ನು ಬಿಡೆಂದು ವೈದ್ಯನು ಹೇಳುವುದು ಮುಂದಿನ ದಿನಗಳಿಗಾಗಿ. ಅದರಿಂದಲೇ ಬಂದಿತೆಂದು ಬಂಧುಗಳು ಹೇಳುವುದು ಹಿಂದಿನದಕ್ಕೆ ವಿಧಿಸುವ ದಂಡನೆ. ಮೊದಲನೆಯದಕ್ಕೆ ಸಂಭಾವ್ಯವಾದ ಸಂಬಂಧ ಸಾಕು. ಎರಡನೆಯದಕ್ಕೆ ನಿಶ್ಚಯವೂ ಸಾಲದು, ತಿಳಿದೂ ಮಾಡಿದಳೆಂಬುದು ಬೇಕು.

ಕ್ರಿಮಿಯ ಕಡೆಯ ಸಾಕ್ಷ್ಯವೇನೂ ನಿಂತುಹೋಗಿಲ್ಲ. 2018ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಸಂಶೋಧಕರು, ಸ್ವಶರೀರದ್ರೋಹದ ಪ್ರವೃತ್ತಿಯುಳ್ಳ ಇಲಿಗಳಲ್ಲಿ ‘ಎಂಟೆರೊಕಾಕಸ್ ಗ್ಯಾಲಿನೇರಮ್’ ಎಂಬ ಕರುಳಿನ ಜೀವಿಯು ಕರುಳನ್ನು ದಾಟಿ ಯಕೃತ್ತನ್ನು ಸೇರುವುದನ್ನು ಕಂಡರು. ಅದನ್ನು ಔಷಧದಿಂದ ಅಡಗಿಸಿದಾಗ ರೋಗವೂ ತಗ್ಗಿತು. ಯಕೃತ್ತಿನ ಇನ್ನೊಂದು ಸ್ವದ್ರೋಹಿ ಉರಿಯೂತವುಳ್ಳ ಮನುಷ್ಯರ ಯಕೃತ್ತಿನಲ್ಲಿಯೂ ಆ ಜೀವಿಯ ಗುರುತು ದೊರೆಯಿತು. ಇಲಿಯಲ್ಲಿ ವ್ಯತಿರೇಕವೂ ಸಿಕ್ಕಿತೆನ್ನಬೇಕು.

ಇಷ್ಟಾದರೂ ಕ್ರಿಮಿಯನ್ನೇ ಅಪರಾಧಿಯ ಕಟಕಟೆಯಲ್ಲಿ ನಿಲ್ಲಿಸುವುದು ಸುಲಭವಲ್ಲ. ಕೋಶದ ಒಲೆಗಳೆಂದು ಮೇಲೆ ಹೇಳಿದ ಮೈಟೊಕಾಂಡ್ರಿಯಗಳು ಅನಾದಿಕಾಲದಲ್ಲಿ ಸ್ವತಂತ್ರವಾಗಿದ್ದ ಸೂಕ್ಷ್ಮಜೀವಿಗಳ ಸಂತತಿಯೆಂದು 1967ರಲ್ಲಿ ಲಿನ್ ಮಾರ್ಗುಲಿಸ್ ಎಂಬ ಅಮೆರಿಕದ ವಿದುಷಿಯು ಪ್ರತಿಪಾದಿಸಿದಳು. ಇಂದು ಅದನ್ನು ಜೀವಶಾಸ್ತ್ರಜ್ಞರು ಒಪ್ಪಿದ್ದಾರೆ. ಕೋಟಿಗಟ್ಟಲೆ ವರ್ಷಗಳ ಹಿಂದೆ ಅತಿಥಿಯಾಗಿ ಬಂದುದು ಮನೆಯದೇ ಆಯಿತು. ಎರಡು ಕಿಣ್ವಗಳ ಹೋಲಿಕೆಯು ಶತ್ರುವಿನ ವೇಷವಲ್ಲ, ದೂರದ ದಾಯಾದಿಗಳ ಮುಖಚಹರೆ. ತಾನು, ಪರನು ಎಂಬ ಗೆರೆಯೇ ಹೀಗೆ ಮಸುಕಾಗಿರುವಲ್ಲಿ, ಆ ಗೆರೆಯನ್ನು ತಪ್ಪಿದ ಕಾವಲುಗಾರನನ್ನಾದರೂ ದ್ರೋಹಿಯೆನ್ನುವುದು ಹೇಗೆ?

ಇಂದು ಈ ವ್ಯಾಧಿಗೆ ಮೊದಲು ಕೊಡುವ ಔಷಧವು ಅರ್ಸೊಡಿಆಕ್ಸಿಕೋಲಿಕ್ ಆಮ್ಲ. ಅದು ಯಾವ ಕ್ರಿಮಿಯನ್ನೂ ಕೊಲ್ಲುವುದಕ್ಕಲ್ಲ; ನಿಂತ ಪಿತ್ತವನ್ನು ಹರಿಯಿಸುವುದಕ್ಕೆ. ಸಕಾಲದಲ್ಲಿ ಅದನ್ನು ಸೇವಿಸಿದ ಅನೇಕರಲ್ಲಿ ಯಕೃತ್ತು ಗಡುಸಾಗುವ ಅವಸ್ಥೆಯೇ ಬರುವುದಿಲ್ಲ. ಬಾರದ ಅವಸ್ಥೆಯ ಹೆಸರನ್ನೂ ಅದರೊಡನೆ ಮದ್ಯದ ಕಳಂಕವನ್ನೂ ಏಕೆ ಹೊರಬೇಕೆಂದು ರೋಗಿಗಳ ಸಂಘಗಳು ಕೇಳಿದುವು. ವೈದ್ಯರು ಸಮ್ಮತಿಸಿ 2015ರಲ್ಲಿ ಕಡೆಯ ಪದವನ್ನು ಬದಲಾಯಿಸಿದರು. ‘ಸಿರೋಸಿಸ್’ ಹೋಗಿ, ಪಿತ್ತನಾಳದ ಉರಿಯೂತವೆಂಬ ಅರ್ಥದ ‘ಕೊಲಾಂಜೈಟಿಸ್’ ಬಂದಿತು. ಇಂಗ್ಲಿಷಿನಲ್ಲಿ ಎರಡಕ್ಕೂ ಮೊದಲಕ್ಷರ ಒಂದೇ ಆದುದರಿಂದ ‘ಪಿ.ಬಿ.ಸಿ.’ ಎಂಬ ಸಂಕ್ಷೇಪವು ಹಾಗೆಯೇ ಉಳಿಯಿತು.